ಗಂಟೆಗೆ ಅರವತ್ತು ಕಾಲರ್

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಹೆಂಗಸರಿಗೆ ಹೆಸರಿದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಕಾಲರ್ ಹೊಲಿಯುವ ಮೂವರು ಒಂದೇ ಸಾಲಿನಲ್ಲಿ ಕೂರುತ್ತಿದ್ದರು: ನಡುವೆ ಕಾಲರಕ್ಕ, ಎಡಕ್ಕೆ ಎಲ್ಲರೂ ಅತ್ತೆ ಎನ್ನುವ ಹಿರಿಯಳು, ಬಲಕ್ಕೆ ಬಾಯಿಬಡುಕಿ ಚಿಕ್ಕಿ. ಹನ್ನೊಂದು ವರ್ಷ ಹೊಲಿದ ಮೇಲೆ ಕಾಲರಕ್ಕನ ಎಡಗೈ ಕಿರುಬೆರಳು ಅವಳ ಮಾತು ಕೇಳುವುದನ್ನು ಬಿಟ್ಟಿತು. ಪಕ್ಕದ ಉಂಗುರಬೆರಳು ಅರ್ಧಂಬರ್ಧ ಅದರ ಪಕ್ಷ ಸೇರಿತು.

ಕಾರಣ ಹುಡುಕಲು ಪಂಡಿತರು ಬೇಕಿರಲಿಲ್ಲ. ಮೇಜಿನ ಅಂಚಿಗೆ ತಗಡು ಬಡಿದಿತ್ತು. ಕಾಲರ್ ತಿರುಗಿಸುವಾಗ ಎಡಮೊಣಕೈಯನ್ನು ಅದರ ಮೇಲೆ ಊರಲೇಬೇಕು. ಎತ್ತಿದರೆ ಎರಡು ಸೆಕೆಂಡು ದಂಡವೆಂದು ಗಡಿಯಾರ ಹಿಡಿದು ಬಂದ ತಜ್ಞನೊಬ್ಬ ಅಪ್ಪಣೆ ಕೊಡಿಸಿ ಹೋಗಿದ್ದ. ಆತ ಒಂದು ಕಾಲರನ್ನೂ ಹೊಲಿದವನಲ್ಲ. ತಜ್ಞನಾಗಲು ಅದೇ ಮೊದಲ ಅರ್ಹತೆ.

ಕಂಪನಿಯ ಡಾಕ್ಟರು ಕೈ ಮುಟ್ಟದೆ ರೋಗ ಕಂಡುಹಿಡಿಯುವ ಮಹಾನುಭಾವರು.

“ಫೋನ್ ಜಾಸ್ತಿ ನೋಡ್ತೀಯೇನಮ್ಮ?”

“ನಂದು ಬಟನ್ ಫೋನು ಸರ್.”

“ಹಾಗಾದ್ರೆ ಕೈ ಮಡಚ್ಕೊಂಡು ಮಲಗ್ತೀಯ. ಮುಲಾಮು ಹಚ್ಚು.”

“ದೊಡ್ಡಾಸ್ಪತ್ರೆಗೆ ಒಂದು ಚೀಟಿ ಬರ್ಕೊಟ್ರೆ…”

ಈ ಚೀಟಿಯಿಲ್ಲದೆ ಆ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ. ಡಾಕ್ಟರು ಕಂಪ್ಯೂಟರಿನತ್ತ ತಿರುಗಿದರು. “ಗಂಟೆಗೆ ಅರವತ್ತು ಕಾಲರ್. ಒಂದೂ ಕಮ್ಮಿ ಇಲ್ಲ. ಕೈ ಕೆಟ್ಟಿದ್ರೆ ಇಷ್ಟಾಗ್ತಿತ್ತಾ? ನನ್ನ ಕೈಗಿಂತ ನಿನ್ನದೇ ಗಟ್ಟಿ, ಹೋಗು.”

ಅರವತ್ತರಲ್ಲಿ ಅವಳು ಹೊಲಿದದ್ದು ನಲವತ್ತೇ. ಹಿಂದೆ ಬಿದ್ದವಳ ಬುಟ್ಟಿಗೆ ಪಕ್ಕದವರು ತಮ್ಮದನ್ನು ಸದ್ದಿಲ್ಲದೆ ಸೇರಿಸುವುದು ಆ ಸಾಲಿನ ಹಳೆಯ ಪದ್ಧತಿ. ಬಸುರಿಗೆ, ಜ್ವರದವಳಿಗೆ, ಗಂಡನ ಏಟು ತಿಂದು ಬಂದವಳಿಗೆ, ಎಲ್ಲರಿಗೂ ಅದು ನಡೆದಿತ್ತು. ಅತ್ತೆ ಎಪ್ಪತ್ತು ಹೊಲಿದು ಹತ್ತನ್ನು ಇತ್ತ ತಳ್ಳುತ್ತಿದ್ದಳು, ಚಿಕ್ಕಿಯೂ ಹಾಗೆಯೇ. ಅವರ ಅಂತಃಕರಣವೆಲ್ಲ ಕಂಪ್ಯೂಟರಿನೊಳಗೆ ಹೋಗಿ ಕಾಲರಕ್ಕನ ಆರೋಗ್ಯವಾಗಿ ಹೊರಬರುತ್ತಿತ್ತು.

ಊಟದ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಅವಳು ಅದನ್ನು ಪಕ್ಕಕ್ಕಿಟ್ಟಳು.

“ಇವತ್ತಿಂದ ನನ್ನ ಬುಟ್ಟಿಗೆ ಯಾರೂ ಹಾಕ್ಬೇಡಿ.”

“ಹುಚ್ಚು ಹಿಡೀತೇನೇ? ಕೆಲಸದಿಂದ ತೆಗೀತಾರೆ,” ಎಂದಳು ಅತ್ತೆ.

“ತೆಗೀಲಿ. ಕೈ ಇದ್ರೆ ಇನ್ನೊಂದು ಕೆಲಸ ಹುಡುಕ್ಬಹುದು. ಕೆಲಸ ಇದ್ರೆ ಇನ್ನೊಂದು ಕೈ ಸಿಗುತ್ತಾ ಅತ್ತೆ?”

“ಸೂಪರ್‌ವೈಸರ್ನ ಕೇಳು,” ಎಂದಳು ಚಿಕ್ಕಿ, “ಸ್ಟೋರಲ್ಲಿ ಇದ್ರೂ ಇದ್ದೀತು.”

ಇಬ್ಬರೂ ತಮ್ಮ ಅರವತ್ತಕ್ಕೇ ಕೈ ನಿಲ್ಲಿಸಿದರು. ಕೊಡುವುದಕ್ಕಿಂತ ಕೊಡದೆ ಕೂರುವುದು ಕಷ್ಟವಾಯಿತು. ಅಭ್ಯಾಸಬಲದಿಂದ ಅತ್ತೆಯ ಕೈ ಎರಡು ಸಲ ನಡುಬುಟ್ಟಿಗೆ ಹೋಯಿತು. ಎರಡೂ ಸಲ ಚಿಕ್ಕಿ ಅದನ್ನು ತಟ್ಟಿ ಹಿಂದಕ್ಕೆ ಕಳಿಸಿದಳು. ಮೊದಲ ದಿನ ಸೂಪರ್‌ವೈಸರ್ ಕೂಗಾಡಿದ. ಎರಡನೆಯ ದಿನ ಮೆಮೊ ಬಂತು: ಉತ್ಪಾದನೆ ಕುಸಿದದ್ದೇಕೆ, ವಿವರಣೆ ಕೊಡು. ಮೂರನೆಯ ದಿನ ಕೊರಳಿಲ್ಲದ ಅಂಗಿಗಳು ಸೊಂಟದೆತ್ತರ ರಾಶಿ ಬಿದ್ದು ಮುಂದಿನ ಸಾಲುಗಳು ನಿಂತವು. ಕಂಪನಿ ಡಾಕ್ಟರಿಗೆ ಆಗ ವೈದ್ಯಶಾಸ್ತ್ರ ನೆನಪಾಯಿತು. ಮಧ್ಯಾಹ್ನದೊಳಗೆ ಚೀಟಿ ಸಿದ್ಧವಾಗಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೈ ಮುಟ್ಟಿ ನೋಡುವ ಹಳೇ ಕಾಲದವರು. ಮೊಣಕೈಯ ಒಳಬದಿಗೆ ಬೆರಳಿನಿಂದ ತಟ್ಟಿದರು. ಕರೆಂಟು ಹೊಡೆದಂತೆ ಕಿರುಬೆರಳ ತುದಿಯವರೆಗೂ ಜುಮ್ಮೆಂದಿತು.

“ಯಾವುದಾದ್ರೂ ಕಾಗದ ಇದ್ಯಾ?”

ಅವಳ ಚೀಲದಲ್ಲಿದ್ದದ್ದು ಮೆಮೊ. ಅದನ್ನು ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಹಿಡಿಯುವಂತೆ ಹೇಳಿ ಡಾಕ್ಟರಮ್ಮ ಎಳೆದರು. ಹೆಬ್ಬೆರಳು ಗಂಟಿನಲ್ಲಿ ಮಡಚಿ ಒದ್ದಾಡಿತು. ಕಾಗದ ಸಲೀಸಾಗಿ ಜಾರಿತು.

“ಎಷ್ಟು ದಿನದಿಂದ ಹೀಗೆ?”

“ಒಂಬತ್ತು ತಿಂಗಳು.”

“ಇಷ್ಟು ದಿನ ಏನ್ ಮಾಡ್ತಿದ್ರಿ?”

“ಆರೋಗ್ಯವಾಗಿದ್ದೆ ಡಾಕ್ಟ್ರೆ. ಕಂಪ್ಯೂಟರಲ್ಲಿದೆ.”

ತಂತಿ ಅಂಟಿಸಿ ನರದ ಪರೀಕ್ಷೆ ಮಾಡಿದರು. ಸಂಕೇತ ಮೊಣಕೈ ದಾಟುವಾಗ ಕುಂಟುತ್ತಿತ್ತು. “ಮೊದಲೇ ಬಂದಿದ್ರೆ ಕೈ ಊರೋದು ಬಿಟ್ಟು, ರಾತ್ರಿ ಪಟ್ಟಿ ಕಟ್ಕೊಂಡಿದ್ರೆ ಸಾಕಾಗ್ತಿತ್ತೋ ಏನೋ. ಈಗ ಕೊಯ್ದು ನರದ ಮೇಲಿನ ಒತ್ತಡ ಬಿಡಿಸ್ಬೇಕು.”

“ಕೈ ಮೊದಲಿನ ಹಾಗಾಗುತ್ತಾ?”

“ಜೋಮು ಇಳೀಬಹುದು. ಹೆಬ್ಬೆರಳ ಬುಡದಲ್ಲಿ ಕುಳಿ ಬಿದ್ದಿದೆ ನೋಡಿ, ಅಲ್ಲಿ ಕರಗಿದ ಮಾಂಸ ತುಂಬ್ಕೊಳ್ಳುತ್ತೆ ಅಂತ ಮಾತು ಕೊಡಲ್ಲಮ್ಮ.” ಕಾರಣವೆಂಬ ಜಾಗದಲ್ಲಿ ಅವರು ಎರಡೇ ಪದ ಬರೆದರು: ಕೆಲಸದ ಮೇಜು.

ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಿಗೆ ಕಾಲರಕ್ಕ ಮರಳಿದಳು. ಕಿರುಬೆರಳಿಗೆ ಬಿಸಿ, ತಣ್ಣಗೆ ತಿಳಿಯತೊಡಗಿತ್ತು. ಹೆಬ್ಬೆರಳ ಬುಡದ ಕುಳಿ ಮಾತ್ರ ಕುಳಿಯಾಗಿಯೇ ಉಳಿದಿತ್ತು. ಕಂಪನಿ ದೊಡ್ಡ ಮನಸ್ಸು ಮಾಡಿ ಅವಳಿಗೆ ಬಲಗೈಯಲ್ಲಿ ದಾರ ಕತ್ತರಿಸುವ ಹಗುರ ಕೆಲಸ ಕೊಟ್ಟಿತು. ಮೇಜಿನ ಅಂಚನ್ನು ಬದಲಿಸುವಷ್ಟು ದೊಡ್ಡ ಮನಸ್ಸು ಅದಕ್ಕಿರಲಿಲ್ಲ.

ಎದುರಿಗೆ ಹೊಲಿಯುತ್ತಿದ್ದ ಅತ್ತೆ ಅಡಿಗಡಿಗೆ ಎಡಗೈ ಕೊಡವುತ್ತಿದ್ದಳು.

“ಏನತ್ತೆ ಅದು?”

“ಏನಿಲ್ಲ ಕಣೇ, ಸ್ವಲ್ಪ ಜೋಮು.”

ಒಂಬತ್ತು ತಿಂಗಳು ಗಂಟೆಗೆ ಎಪ್ಪತ್ತು ಹೊಲಿದ ಕೈ ಅದು. ಕಾಲರಕ್ಕ ಎದ್ದು ಹೋಗಿ ಡಾಕ್ಟರಮ್ಮನಂತೆಯೇ ಅತ್ತೆಯ ಮೊಣಕೈಯ ಒಳಬದಿಗೆ ತಟ್ಟಿದಳು. ಅತ್ತೆ ಕುರ್ಚಿಯಿಂದ ಹಾರಿಬಿದ್ದಳು. ಕಾಲರಕ್ಕನ ಮುಖ ಸಪ್ಪಗಾಯಿತು. ಅತ್ತೆಯ ಮೆಷಿನ್ನಿನ ಸ್ವಿಚ್ಚು ಆರಿಸಿದಳು.

“ಏಳತ್ತೆ. ಈಗ್ಲೇ ಚೀಟಿ ಬರೆಸ್ಕೊಂಡು ಬರೋಣ. ಚಿಕ್ಕಿ, ನೀನೂ ಏಳು.”

ಸೂಪರ್‌ವೈಸರ್ ಓಡಿಬಂದ. “ಇವರಿಬ್ರೂ ಎದ್ರೆ ಕಾಲರ್ ಯಾರು ಹೊಲೀತಾರೆ?”

ಇಷ್ಟು ವರ್ಷಗಳಲ್ಲಿ ಅವನು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು. ಉತ್ತರ ಹೇಳಲು ಯಾರೂ ನಿಲ್ಲಲಿಲ್ಲ. ಕಂಪನಿ ಡಾಕ್ಟರ ಡಿಸ್ಪೆನ್ಸರಿ ಒಂದು ಗಂಟೆಗೆ ಮುಚ್ಚುತ್ತದೆ.