ಕೋಟೆಯೊಳಗಿನ ಗುಂಡಿ

ವೇದಾವತಿ ತಪ್ಪಿಸಿದ್ದು ಒಂದೇ ಒಂದು ದಿನ. ಘೋಡಬಂದರ್ ರಸ್ತೆಯಾಚೆ, ಸಮುದ್ರದ ಖಾಡಿಯ ದಂಡೆಯ ಹಳೇ ಕೋಟೆಯೊಳಗೆ ನೀರಿನ ಟಾಕಿಗೆ ಗುಂಡಿ ತೋಡುವಾಗ ಪುರಾತತ್ವ ಇಲಾಖೆಯ ಪರವಾಗಿ ಎದುರೇ ನಿಂತು ನೋಡುವುದು ಅವಳ ಕೆಲಸ. ಮಣ್ಣಿನಡಿ ಹಳೆಯ ಕಟ್ಟಡದ ಗುರುತು ಸಿಕ್ಕರೆ ಟಾಕಿ ಬೇರೆಡೆ ಹೋಗಬೇಕು. ಸಿಗದಿದ್ದರೆ ಕಾಂಕ್ರೀಟು ಬಿದ್ದು ಎಲ್ಲ ಮುಗಿಯಿತು. ಸರಿಯಾಗಿ ತೋಡುವ ದಿನವೇ ದಿವಾ ಸ್ಟೇಷನ್ನಿನಲ್ಲಿ ಕರೆಂಟಿನ ತಂತಿ ತುಂಡಾಗಿ ಲೋಕಲ್ ರೈಲು ನಿಂತಿತು. ತೊಂಬತ್ತಾರರಲ್ಲಿ ಕೈಯಲ್ಲಿ ಫೋನೆಲ್ಲಿ? ಹಳಿಯ ಮೇಲೆ ನಡೆದು ಡೊಂಬಿವಲಿಯ ಮನೆಗೆ ಮರಳಿದಳು.

ಮರುದಿನ ಬಂದರೆ ಎದೆಮಟ್ಟದ ಗುಂಡಿ ಸಿದ್ಧವಾಗಿತ್ತು. ಸಂಜೆಯ ಮಳೆಗೆ ಬದಿಯ ಮಣ್ಣೆಲ್ಲ ಕುಸಿದು ಕಲಸಿಹೋಗಿತ್ತು. ತೋಡುವವರ ಮುಂದಾಳು, ಕಲಬುರಗಿ ಕಡೆಯ ಭೀಮಮ್ಮ, ನಗುತ್ತ ಬುಟ್ಟಿ ತಂದಿಟ್ಟಳು.

"ನೀವ್ ಹೇಳಿದಂಗ ಒಂದ್ ಮಡಕಿ ಚೂರೂ ಚೆಲ್ಲಿಲ್ರಿ ಬಾಯಾರ. ಛಂದ ತೊಳದು ಇಟ್ಟೀವ್ರಿ."

ಯಾವ ಪದರದ್ದು ಯಾವುದೆಂಬ ಪತ್ತೆಯೇ ಇಲ್ಲದೆ ಐನೂರು ವರ್ಷ ಒಂದೇ ಬುಟ್ಟಿಯಲ್ಲಿ ಫಳಫಳ ಹೊಳೆಯುತ್ತಿತ್ತು.

"ಎಂತ ಮಾಡಿದ್ರಿ ಮಾರಾಯ್ರೇ! ಯಾವ ಆಳದ್ದು ಯಾವ್ದು ಅಂತ ಇನ್ನು ನಾನು ಹೇಗೆ ಹೇಳುದು?"

ಭೀಮಮ್ಮನ ಮುಖ ಸಪ್ಪಗಾಯಿತು. ಬಾರದೆ ಹೋದವಳು ಒಬ್ಬಳು, ಬೈಸಿಕೊಂಡವಳು ಇನ್ನೊಬ್ಬಳು. ಲೋಕದ ನ್ಯಾಯ ಹೀಗೇ.

ಅಷ್ಟರಲ್ಲಿ ಗುಂಡಿಯ ನಡುವೆ ಗೋಣಿಚೀಲ, ಪ್ಲಾಸ್ಟಿಕ್ಕು ಹೊದ್ದು ನಿಂತಿದ್ದ ಏನನ್ನೋ ತೋರಿಸಿ ಸೂಪರ್‌ವೈಸರ್ ದಿಲೀಪ ಕೂಗಿದ: "ವೋ ಖಂಭಾ ಗಿರಾವ್ ರೇ! ಕಾಂಕ್ರೀಟ್ ಆ ರಹಾ ಹೈ."

ಭೀಮಮ್ಮ ಗುಂಡಿಗಿಳಿದು ಅಡ್ಡ ನಿಂತಳು. "ಕೂಲಿ ಲೆಕ್ಕಕ್ಕ ಅಳತಿ ಆಗೂತನ ಕೆಡವಂಗಿಲ್ಲ. ಎಷ್ಟ್ ಆಳ ತೋಡೀವಂತ ತೋರ್ಸಾಕ ನಡುವ ಒಂದ್ ಕಂಬದಷ್ಟ್ ಮಣ್ಣ ಮುಟ್ಟದಂಗ ಬಿಡೂದು ನಮ್ಮ ಪದ್ಧತಿ. ಮಳಿಗೆ ಕರಗಬಾರ್ದಂತ ನಾನೇ ಹೊಚ್ಚೀನಿ."

ವೇದಾವತಿ ಜಾರುತ್ತಲೇ ಇಳಿದು ಗೋಣಿ ಸರಿಸಿದಳು. ಮೇಲೆ ಕಲ್ಲುಪುಡಿ, ಅದರಡಿ ಬೆರಳಗಲದ ಗಾರೆ ನೆಲ, ಕೆಳಗೆ ಸುಟ್ಟ ಬೂದಿ, ಅದರಡಿ ಇನ್ನೂ ಹಳೆಯದೊಂದು ಗಾರೆ ನೆಲ. ಪದರ ಪದರವಾಗಿ ಎಲ್ಲ ಇದ್ದ ಹಾಗೇ ಇತ್ತು. ಅವಳಿಗೆ ಅಳುವೇ ಬಂತು.

ಕೆಲಸ ನಿಲ್ಲಿಸುವ ಅಧಿಕಾರ ಅವಳಿಗಿತ್ತು. ಕಾಂಕ್ರೀಟಿನ ಲಾರಿ ಬಂದ ಹಾಗೇ ವಾಪಸಾಯಿತು. ಸಂಜೆಯ ತನಕ ಅಳೆದಳು, ಬರೆದಳು, ಫೋಟೋ ತೆಗೆದಳು. ಕೊನೆಗೆ ವರದಿಯಲ್ಲಿ ಹಿಂದಿನ ದಿನದ ಸಾಲು ಬಂತು: ಸ್ಥಳದಲ್ಲಿ ನಿಗಾ ವಹಿಸಿದವರು. ತನ್ನ ಹೆಸರು ಬರೆದರೆ ಕೇಳುವವರು ಯಾರೂ ಇರಲಿಲ್ಲ. ಬರೆಯದಿದ್ದರೆ ಮೂರು ತಿಂಗಳ ಈ ನೌಕರಿಗೇ ಸಂಚಕಾರ. ಪೆನ್ನು ಹಿಡಿದೇ ಭೀಮಮ್ಮನನ್ನು ಕರೆದಳು.

"ಭೀಮಮ್ಮ, ಬೆಳಿಗ್ಗೆ ಬೈದೆ. ತಪ್ಪು ನನ್ನದೇ. ನಿಮ್ಮ ಅಡ್ಡಹೆಸರು ಎಂತ?"

"ನಮಗ್ಯಾಕ್ರಿ ಅದೆಲ್ಲ? ಭೀಮಮ್ಮ ಅಂದ್ರ ಸಾಕ್ರಿ."

ವೇದಾವತಿ ಆ ಸಾಲಿನಲ್ಲಿ ಅಷ್ಟನ್ನೇ ಬರೆದಳು.