ವ್ಯಾಸಪೀಠದ ಮೇಲೆ ಕಾದಂಬರಿ

ಹಿಡಿದ ಗ್ರಂಥ ನಡುವೆ ಕೈಬಿಡದಂತೆ ಕಾಯುವ ವಿಘ್ನರಾಜನಿಗೆ ಮೊದಲ ವಂದನೆ. ಓದುವವರ ನಾಲಗೆಯಲ್ಲೂ ಕೇಳುವವರ ಕಿವಿಯಲ್ಲೂ ಏಕಕಾಲಕ್ಕೆ ನೆಲೆಸುವ ತಾಯಿ ವಾಗ್ದೇವಿಗೆ ಎರಡನೆಯದು. ಇನ್ನು ಕಥೆ.

ವಿಮಾ ಕಚೇರಿಯಿಂದ ನಿವೃತ್ತರಾಗಿ ಜೀವನ್ ಬಿಮಾ ನಗರದಲ್ಲಿ ನೆಲೆಸಿದ್ದ ರಮಾಮಣಿಯವರ ಕಪಾಟಿನಲ್ಲಿ ಹಿಂದಿನ ಕಾಲದ ಮಹಾಕಾದಂಬರಿಯೊಂದಿತ್ತು. ಮೂರು ಸಂಪುಟ, ಸಾವಿರದ ನಾನೂರ ನಲವತ್ತು ಪುಟ. ಶತ್ರುಗಳ ಮುತ್ತಿಗೆಗೆ ಸಿಕ್ಕಿದ ಕೋಟೆಯೂರೊಂದರ ನಾಲ್ಕು ತಲೆಮಾರಿನ ಕಥೆ. ಅದನ್ನು ಅವರು ಎರಡು ಬಾರಿ ಹಿಡಿದಿದ್ದರು. ಎರಡು ಬಾರಿಯೂ ಒಂದೇ ಕಡೆ ಬಿಟ್ಟಿದ್ದರು. ಕ್ಷಾಮ ಬಂದು ಕೋಟೆಯ ಒಡತಿಯ ಕೂಸು ತೀರಿಹೋಗುವ ಪುಟದಲ್ಲಿ ಪುಸ್ತಕ ಮುಚ್ಚಿದರೆ, ಮರುದಿನ ತೆರೆಯಲು ಕೈ ಏಳುತ್ತಿರಲಿಲ್ಲ.

ಮೂರನೆಯ ಸಲ ಅವರು ಅದನ್ನು ವ್ಯಾಸಪೀಠದ ಮೇಲಿಟ್ಟರು. ಪುರಾಣಗ್ರಂಥಗಳನ್ನು ಬಿಚ್ಚಿಟ್ಟು ಪಾರಾಯಣ ಮಾಡುವ ಆ ಮರದ ಪೀಠ ಅವರ ತಂದೆಯದು. ದೀಪ ಹಚ್ಚಿ ಸಂಕಲ್ಪ ಮಾಡಿದರು: ನಲವತ್ತೆಂಟು ದಿನ, ದಿನಕ್ಕೆ ಮೂವತ್ತು ಪುಟ, ಗಟ್ಟಿಯಾಗಿ, ಒಂದು ಸಾಲನ್ನೂ ಹಾರಿಸದೆ. ತಪ್ಪಿದರೆ ಮೂರೂ ಸಂಪುಟ ರಸೆಲ್ ಮಾರುಕಟ್ಟೆಯ ಬಳಿಯ ಹಳೇ ಪುಸ್ತಕದಂಗಡಿಗೆ. ಮತ್ತೆ ಅದರ ಹೆಸರೆತ್ತುವುದಿಲ್ಲ. ಕೇಳಲು ಪಕ್ಕದ ಮನೆಯ ಯಶೋದಮ್ಮ ಬಂದು ಕುಳಿತರು. ಎಂಬತ್ತೆರಡರ ಆಕೆಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು.

ಬಡಾವಣೆಯ ಗುಡಿಯಲ್ಲಿ ವರ್ಷವರ್ಷವೂ ಪುರಾಣ ಓದುವ ಭಗವಂತರಾಯರಿಗೆ ಸುದ್ದಿ ಮುಟ್ಟಿತು. ಬಂದು ಬಾಗಿಲಲ್ಲೇ ನಿಂತು ನಕ್ಕರು.

"ರಮಾಮಣಿಯವ್ರೇ, ಕಾದಂಬರಿಗೆ ವ್ಯಾಸಪೀಠಾನಾ? ನಾಳೆ ಪೇಪರ್‌ಗೂ ಮಂಗಳಾರತಿ ಎತ್ತೀರಿ!"

"ಎತ್ತೋ ದಿನ ನಿಮ್ಮನ್ನೇ ಕರೀತೀನಿ ರಾಯರೇ. ಗಂಟೆ ಬಾರಿಸೋಕೆ ಒಬ್ರು ಬೇಕಲ್ಲ."

"ಮೊದ್ಲು ಮುಗಿಸಿ. ಎರಡು ಸಲ ಬಿಟ್ಟಿದ್ದೀರಂತೆ, ನಾಣಿ ಹೇಳಿದ್ರು."

ರಮಾಮಣಿಯವರು ಗಂಡನತ್ತ ನೋಡಿದರು. ನಾಣಿ ಪತ್ರಿಕೆಯ ಹಿಂದೆ ಅಡಗಿದ್ದರು.

ಇಪ್ಪತ್ತಮೂರನೆಯ ದಿನ ಆ ಪುಟ ಬಂತು. ಮಧ್ಯಾಹ್ನ ಮೂರಕ್ಕೆ ಓದು ತೊಡಗಿತು; ಆ ದಿನದ ಮೂವತ್ತನೆಯ ಪುಟದ ಕೊನೆಗೆ ಸರಿಯಾಗಿ ಕೂಸು ಕಣ್ಮುಚ್ಚಿತು. ಗುಡಿಯ ಪ್ರಸಾದ ಕೊಡಲು ಬಂದಿದ್ದ ಭಗವಂತರಾಯರು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ರಮಾಮಣಿಯವರ ಕೈ ಪುಸ್ತಕ ಮುಚ್ಚಲು ಹೋಯಿತು.

"ಏಯ್, ಮುಚ್ಚಬೇಡ ಕಣೇ!" ಯಶೋದಮ್ಮ ಗದರಿದರು. "ಪಾರಾಯಣದಲ್ಲಿ ಸಾವಿನ ಹತ್ರ ನಿಲ್ಲಿಸ್ತಾರೇನೇ? ಒಂದು ಒಳ್ಳೇ ಮಾತು ಬರೋವರ್ಗೂ ಓದ್ಬೇಕು."

"ಅದು ಪುರಾಣಕ್ಕೆ ಯಶೋದಮ್ಮನೋರೇ, ಕಾದಂಬರಿಗಲ್ಲ," ಎಂದರು ನಾಣಿ.

ಭಗವಂತರಾಯರು ಕೆಮ್ಮಿದರು. "ಪೀಠ ಮಾತ್ರ ಬೇಕು, ನಿಯಮ ಬೇಡ್ವೋ?"

ರಮಾಮಣಿಯವರು ಕಣ್ಣೊರಸಿಕೊಂಡು ಪುಟ ತಿರುವಿದರು.

ಆ ಪುಣ್ಯಾತ್ಮ ಗ್ರಂಥಕರ್ತ ಒಳ್ಳೆಯ ಮಾತನ್ನು ಹತ್ತಿರದಲ್ಲೆಲ್ಲೂ ಇಟ್ಟಿರಲಿಲ್ಲ. ಮುಂದಿನ ಅಧ್ಯಾಯದಲ್ಲಿ ಕಣಜಕ್ಕೆ ಬೆಂಕಿ ಬಿತ್ತು, ಅದರ ಮುಂದಿನದರಲ್ಲಿ ಮನೆಯವನೇ ದ್ರೋಹ ಬಗೆದ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೇರಿತು. ನಾಣಿ ಮೆಣಸಿನ ಹಾಲು ತಂದಿಟ್ಟರು. ಗುಡಿಯ ಸಂಜೆಯಾರತಿಗೆಂದು ಎದ್ದ ಭಗವಂತರಾಯರು ಒಂದು ಹೆಜ್ಜೆ ಇಟ್ಟು, ತಿರುಗಿ ಬಂದು ಕುಳಿತರು.

"ಅರ್ಚಕರಿದ್ದಾರೆ, ನೋಡ್ಕೋತಾರೆ. ಆಮೇಲೆ? ಆಮೇಲೇನಾಯ್ತು?"

ಎಂಬತ್ತು ಪುಟ ಕಳೆದ ಮೇಲೆ, ದೀಪ ಹಚ್ಚುವ ಹೊತ್ತು ದಾಟಿದಾಗ, ಕೋಟೆಯ ಬತ್ತಿದ ಬಾವಿಯ ತಳದಲ್ಲಿ ನೀರು ಜಿನುಗಿತು. ಮೊದಲ ಬೊಗಸೆಯನ್ನು ಒಡತಿ ಯಾರದೋ ಮಗುವಿಗೆ ಕುಡಿಸಿದಳು. ಮಗು ನಕ್ಕಿತು.

ಅಲ್ಲಿ ರಮಾಮಣಿಯವರು ನಿಲ್ಲಿಸಿದರು. ಎರಡು ಸಲವೂ ತಾವು ಈ ಬಾವಿಯವರೆಗೆ ಬಾರದೆ ಹಿಂದಿರುಗಿದ್ದು ಅವರಿಗೆ ಆಗ ತಿಳಿಯಿತು. ಗಂಟಲು ಉರಿಯುತ್ತಿತ್ತು, ಎದೆಯಲ್ಲಿ ಮಾತ್ರ ಬಾವಿಯ ತಂಪು.

ಅಂದಿನಿಂದ ಭಗವಂತರಾಯರು ಮಧ್ಯಾಹ್ನ ಮೂರಕ್ಕೆ ಐದು ನಿಮಿಷ ಮೊದಲೇ ಬಂದು ಕೂರತೊಡಗಿದರು. ಮುಂದಿನ ದಿನಗಳಲ್ಲೂ ಓದು ಒಂದೇ ಒಂದು ಅಶುಭದ ಸಾಲಿನ ಬಳಿಯೂ ನಿಲ್ಲಲಿಲ್ಲ. ಹೀಗಾಗಿ ನಲವತ್ತೆಂಟಕ್ಕೆ ಮುಗಿಯಬೇಕಾದದ್ದು ನಲವತ್ತೈದನೆಯ ದಿನಕ್ಕೇ ಮುಗಿಯಿತು! ಕೊನೆಯ ಸಾಲು ಓದಿ ಅವರು ತಲೆಯೆತ್ತಿದಾಗ ರಾಯರ ಕೈಯಲ್ಲಿ ಗುಡಿಯ ಗಂಟೆಯಿತ್ತು.

"ಹಾಗೇ ಮುಚ್ಚಬೇಡಿ," ಎಂದರು ರಾಯರು. "ಮುಗಿದ ಗ್ರಂಥದ ಮೊದಲ ಪುಟಾನ ಮತ್ತೆ ಓದಿಯೇ ಏಳ್ಬೇಕು. ಆಮೇಲೆ ಮಂಗಳಾರತಿ. ಈ ಶ್ರಾವಣಕ್ಕೆ ಗುಡೀಲಿ ಪುರಾಣ ನೀವೇ ಓದ್ಬೇಕು."

ಮೂವತ್ತು ವರ್ಷ ಆ ಗುಡಿಯಲ್ಲಿ ಕಂಬಕ್ಕೊರಗಿ ಕೇಳಿದ್ದ ರಮಾಮಣಿಯವರು ಬೆನ್ನು ನೆಟ್ಟಗೆ ಮಾಡಿದರು.

"ಓದ್ತೀನಿ. ಆದ್ರೆ ಪೀಠ ನಂದೇ ತರ್ತೀನಿ."

"ಹಾಗ್ ಹೇಳೇ ನನ್ನ ತಾಯಿ!" ಎಂದು ಯಶೋದಮ್ಮ ನೆಟಿಗೆ ಮುರಿದರು. ರಮಾಮಣಿಯವರು ಮೊದಲನೆಯ ಸಂಪುಟವನ್ನು ಪೀಠದ ಮೇಲೆ ಬಿಚ್ಚಿ ಗಟ್ಟಿಯಾಗಿ ಓದತೊಡಗಿದರು. ಆ ಪುಟ ಮುಗಿಯುತ್ತಲೇ ರಾಯರ ಕೈಯ ಗಂಟೆ ಮೊಳಗಿತು.

ಈ ಕಥೆಗೆ ಕಿವಿಗೊಟ್ಟವರೆಲ್ಲರ ಕಣ್ಣು ತಿಳಿಯಾಗಿರಲಿ, ಕಂಠ ಗಟ್ಟಿಯಾಗಿರಲಿ. ಹಿಡಿದ ಗ್ರಂಥ ಅವರ ಕೈಯಲ್ಲಿ ಪೂರ್ಣವಾಗಲಿ. ಯಾರ ಬಾಳಿನ ಓದೂ ದುಃಖದ ಪುಟದಲ್ಲಿ ನಿಲ್ಲದಿರಲಿ.