ಕರಿ ಲಂಗ ಬಿಚ್ಚಿಟ್ಟ ಬೆಳಗು

ಇಟಲಿಯ ಬೆಟ್ಟದೂರು ಕಾಸ್ತೆಲ್ಮೂರಕ್ಕೆ ಬರುವವರು ಮೊದಲು ಕೆರೆ ನೋಡುತ್ತಾರೆ, ಆಮೇಲೆ ಎರ್ಸೀಲಿಯಳನ್ನು. ಕೆರೆಗಾದರೂ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಮಲಗುವ ಪುಣ್ಯವಿದೆ, ಈ ಮುದುಕಿಗೆ ಅದೂ ಇಲ್ಲ. ನೆರಿಗೆ ನೆರಿಗೆಯ ಕರಿ ಉಣ್ಣೆಯ ಲಂಗ, ಬೆಳ್ಳಿ ಗುಂಡಿಗಳ ಬಿಗಿ ರವಿಕೆ, ಜಡೆಯ ಜೊತೆ ಸುತ್ತಿ ಕಟ್ಟಿದ ರುಮಾಲು, ಇಷ್ಟನ್ನೂ ಹೇರಿಕೊಂಡು ಆಕೆ ದಿನವಿಡೀ ಚೌಕದ ಕಾರಂಜಿ ಕಟ್ಟೆಯ ಮೇಲೆ ಕೂರಬೇಕು. ಒಂದು ಕಾಲಕ್ಕೆ ಊರಿನ ಹೆಂಗಸರೆಲ್ಲ ಹೊಲಕ್ಕೂ ಇಗರ್ಜಿಗೂ ಇದನ್ನೇ ತೊಡುತ್ತಿದ್ದರು. ಈಗ ಉಳಿದವಳು ಈಕೆಯೊಬ್ಬಳೇ. ಲಂಗದ ಭಾರಕ್ಕೆ ಸೊಂಟ ಸವೆದು ಹೋಗಿತ್ತು, ಆದರೆ ಸೊಂಟದ ಫೋಟೋ ಯಾರು ತೆಗೆಯುತ್ತಾರೆ?

ಈ ಬಟ್ಟೆಗೊಂದು ಕಟ್ಟಳೆ ಇದೆ. ತೊಟ್ಟವಳು ಸತ್ತರೆ ಅದೂ ಅವಳ ಜೊತೆ ಮಣ್ಣಿಗೆ ಹೋಗಬೇಕು, ಆ ಮನೆಯಲ್ಲಿ ಅಲ್ಲಿಗೆ ಅದು ಮುಗಿದಂತೆ. ಬದುಕಿದ್ದಾಗಲೇ ಬಿಚ್ಚಿಟ್ಟರೆ ಮಾತ್ರ ಮನೆಯ ಸೊಸೆಯ ಮೈಗೆ ಬರುತ್ತದೆ. ಎರ್ಸೀಲಿಯಳ ಅತ್ತೆ ಪಾಲ್ಮೀರ ಕಾಯಿಲೆ ಬಿದ್ದ ದಿನವೇ ಬಸ್ಸು ತುಂಬ ಜರ್ಮನಿಯವರು ಬಂದಿಳಿದಿದ್ದರು. "ಇವತ್ತೊಂದಿನ ಹಾಕ್ಕೊಂಡು ಕೂತ್ಕೊಳೇ, ಊರಿನ ಮರ್ಯಾದೆ" ಎಂದು ನಾಲ್ಕು ಜನ ಹೇಳಿದರು. ತುಂಬು ಹರೆಯದ ಎರ್ಸೀಲಿಯ ನಗುತ್ತಲೇ ಹಾಕಿಕೊಂಡಳು. ಪಾಲ್ಮೀರ ಮತ್ತೆ ಏಳಲಿಲ್ಲ, ಹೂವಿನ ಗೌನಿನಲ್ಲೇ ಮಣ್ಣಾದಳು. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ.

ಪೆಸ್ಕಾರದಲ್ಲಿ, ಸಮುದ್ರದ ದಂಡೆಗೆ ಎರ್ಸೀಲಿಯಳ ತಂಗಿ ಯೊಲಾಂದಳ ಮನೆ. ಗಂಡ ಸತ್ತ ಮೇಲೆ ಅವಳಿಗೂ ಒಂಟಿತನ. "ಕಿಟಕಿ ಇರೋ ಕೋಣೆ ನಿಂಗೇ ಇಟ್ಟಿದೀನಿ. ಬಾರೇ, ಸಾಯೋಕೆ ಮುಂಚೆ ಒಂದ್ಸಲ ಕಾಲಾದ್ರೂ ನೆನೆಸ್ಕೋ" ಎಂದು ವರ್ಷಗಟ್ಟಲೆ ಗೋಗರೆದು, ಕೊನೆಗೆ ಒಂದು ನೀಲಿ ಗೌನನ್ನೇ ಕಳಿಸಿಕೊಟ್ಟಳು. ಎರ್ಸೀಲಿಯಳಿಗೂ ಹೋಗುವ ಆಸೆ ಬಹಳವಿತ್ತು. ತಡೆದದ್ದು ಸೊಸೆಯ ಯೋಚನೆ ಒಂದೇ. ಆದರೆ ಸೊಸೆ ಮಿರೆಲ್ಲ ಬೊಲೋನ್ಯದ ಪೇಟೆ ಹುಡುಗಿ, ಪ್ಯಾಂಟು ತೊಟ್ಟು ಬೀಡಾಡಿಯಾಗಿ ಓಡಾಡುವವಳು. "ಅತ್ತೆ, ಇದೇನು ಬಟ್ಟೆನಾ, ಜೀವಂತ ಕುರೀನಾ?" ಎಂದು ಲಂಗವನ್ನು ಆಡಿಕೊಳ್ಳುವವಳು. ಇವಳು ಮಾತ್ರ ಸಿಕ್ಕಿಬೀಳುವ ಪೈಕಿಯಲ್ಲ ಎಂದು ಎರ್ಸೀಲಿಯ ನಿಶ್ಚಿಂತಳಾದಳು. ಎಡವಿದ್ದು ಅಲ್ಲೇ.

ಮೇ ತಿಂಗಳ ಒಂದು ಭಾನುವಾರ, ಮನೆಯವರೆಲ್ಲ ಇಗರ್ಜಿಯ ಪೂಜೆಗೆ ಹೋಗಿದ್ದಾಗ, ಆಕೆ ಲಂಗ ಬಿಚ್ಚಿ ಪೆಟ್ಟಿಗೆಯ ಮೇಲಿಟ್ಟು ನೀಲಿ ಗೌನು ತೊಟ್ಟಳು. ಕಾಲಿಗೆ ಗಾಳಿ ತಾಗಿ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಂತೋಷವೂ ಬಂತು. ಚೌಕದಲ್ಲಿ ಕಾಫಿ ಅಂಗಡಿಯ ಲೀನೊ ಆಕೆಯನ್ನು ನೋಡಿಯೂ ಯಾರೋ ಪ್ರವಾಸಿ ಎಂದುಕೊಂಡು ಮೇಜು ಒರೆಸುತ್ತಿದ್ದ. ಕಾರಂಜಿಯ ಹತ್ತಿರ ಕ್ಯಾಮೆರಾ ಹಿಡಿದ ಗಂಡಹೆಂಡತಿ ನಿಂತಿದ್ದರು.

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಕರಿ ಲಂಗದಾಕೆ ಈಗ ಬರ್ತಾಳಂತೆ."

"ಓಹೋ, ಧಾರಾಳವಾಗಿ" ಎಂದು ಎರ್ಸೀಲಿಯ ಸರಿದಳು. ಫೋಟೋದಿಂದ ಆಚೆ ನಿಲ್ಲುವುದು ಇಷ್ಟು ಹಿತವೆಂದು ಆಕೆಗೆ ಗೊತ್ತೇ ಇರಲಿಲ್ಲ.

ಪೂಜೆ ಮುಗಿದು ಜನ ಮನೆಗೆ ಮರಳಿದ ಮೇಲೆ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತಳು. ಚಾಲಕ ಸಿಗರೇಟು ಮುಗಿಸುವುದನ್ನೇ ಕಾಯುತ್ತಿದ್ದಾಗ ಮನೆಯ ಓಣಿಯಿಂದ ಯಾರೋ ಬರುವುದು ಕಂಡಿತು. ರುಮಾಲು ಓರೆಯಾಗಿತ್ತು, ಲಂಗ ಒಂದು ಬದಿಗೆ ವಾಲಿತ್ತು. ಪಕ್ಕದಲ್ಲಿ ಊರಿನ ಮೇಯರ್ ದೊನಾತೊ ಕೈ ಹೊಸೆಯುತ್ತ ನಡೆಯುತ್ತಿದ್ದ. ಒಳಗಿದ್ದವಳು ಮಿರೆಲ್ಲ.

"ಏನೇ ವೇಷ ಇದು?" ಲೀನೊ ಕಿಸಕ್ಕೆಂದ.

"ಅತ್ತೆ ತಂಗಿ ಮನೆಗೆ ಹೋಗಿದಾರಪ್ಪಾ. ಪಾಪ, ಇಷ್ಟು ವರ್ಷ ಕೂತು ಸಾಕಾಗಿರುತ್ತೆ" ಎಂದು ಮಿರೆಲ್ಲ ನಕ್ಕಳು. "ಇವತ್ತೊಂದಿನ ತಾನೆ, ನಾನೇ ಕೂತ್ರಾಯ್ತು."

ಎರ್ಸೀಲಿಯ ಕಿಟಕಿಗೆ ಮುಖ ಒತ್ತಿ ಕೇಳಿಸಿಕೊಂಡಳು. ಅದೇ ಮಾತು, ಅದೇ ನಗು. ಚಾಲಕ ಒಳಬಂದು ಬಸ್ಸು ಚಾಲೂ ಮಾಡಿದ. ಕಣ್ಣು ಮುಚ್ಚಿಕೊಂಡು ಕೂತಿದ್ದರೆ ಸಂಜೆಗೆ ಸಮುದ್ರ. ಒಂದು ಗಳಿಗೆ ಆಕೆ ಕಣ್ಣು ಮುಚ್ಚಿಯೂ ಮುಚ್ಚಿದಳು, ಅದನ್ನು ಅಡಗಿಸುವುದೇಕೆ.

"ಇಳೀಬೇಕು" ಎಂದಳು ಆಮೇಲೆ.

"ಏನಾದ್ರೂ ಮರೆತ್ರಾ, ಅಮ್ಮ?"

"ಹೂಂ ಕಣಪ್ಪ."

ಮಿರೆಲ್ಲಳ ರಟ್ಟೆ ಹಿಡಿದು ಮನೆಯೊಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಮೇಯರ್ ಹೊರಗೇ ಉಳಿದ.

"ಬಿಚ್ಚು."

"ಅತ್ತೆ, ನೀವು ಹೋಗಿ. ನಂಗೇನು ಕಷ್ಟ? ನಾಳೆ ಬಿಚ್ಚಿ ಬಿಸಾಕ್ತೀನಿ."

"ನಾಳೆ ಇನ್ನೊಂದು ಬಸ್ಸು ಬರುತ್ತೆ. ದೊನಾತೊ ನಿನ್ನ ಕೈ ಹಿಡ್ಕೊಂಡು ಅಳ್ತಾನೆ. ನಿನ್ನ ಗಂಡಾನೂ 'ಇರ್ಲಿ ಬಿಡೇ, ನಮ್ಮ ಬಾಡಿಗೆ ಕೋಣೆಗಳಿಗೂ ಜನ ಬರ್ತಾರಲ್ಲ' ಅಂತಾನೆ. ಅವರಪ್ಪಾನೂ ಹಾಗೇ ಅಂದಿದ್ದ. ನಿನ್ನ ವಯಸ್ಸಲ್ಲಿ ನಂಗೂ ಇದು ತಮಾಷೆಯಾಗೇ ಇತ್ತು ಕಣೇ. ಬಿಚ್ಚು."

ಮಿರೆಲ್ಲಳ ನಗು ಇಳಿಯಿತು. ಗಂಟುಗಳನ್ನು ತಾನೇ ಬಿಚ್ಚಲು ಹೋದಳು, ಆಗಲಿಲ್ಲ. ಅವು ಬೆನ್ನ ಹಿಂದೆ ಬರುತ್ತವೆ, ಇನ್ನೊಬ್ಬರೇ ಕಟ್ಟಬೇಕು, ರೂಢಿಯಿಲ್ಲದವರಿಗೆ ಇನ್ನೊಬ್ಬರೇ ಬಿಚ್ಚಬೇಕು. ಎರ್ಸೀಲಿಯ ಒಂದೊಂದಾಗಿ ಬಿಚ್ಚಿದಳು. ನೀಲಿ ಗೌನು ಕಳಚಿ ಸೊಸೆಯ ಕೈಗಿಟ್ಟು ತಾನು ಲಂಗದೊಳಗೆ ಕಾಲಿಟ್ಟಳು.

"ಹಾಗಾದ್ರೆ ಸಮುದ್ರ?" ಮಿರೆಲ್ಲಳಿಗೆ ಅಳು ಬಂದಿತ್ತು.

"ಸಮುದ್ರ ಅಲ್ಲೇ ಇರುತ್ತೆ, ನಾನಿಲ್ಲದಿದ್ರೂ. ಒಂದು ಮಾತು ಕೊಡು. ನಾನು ಸತ್ತಾಗ ಇದನ್ನ ನನ್ನ ಮೈಮೇಲೇ ಬಿಡ್ಬೇಕು. ದೊನಾತೊ ಬರಲಿ, ಪಾದ್ರಿ ಬರಲಿ, ನಿನ್ನ ಗಂಡನೇ ಕಾಲಿಗೆ ಬೀಳಲಿ, ಬಿಚ್ಚೋಕೆ ಬಿಡಬೇಡ. ಮುಚ್ಚಳಕ್ಕೆ ಮೊಳೆ ಹೊಡೆಯೋವರೆಗೂ ನೀನೇ ಪಕ್ಕದಲ್ಲಿ ನಿಂತಿರ್ಬೇಕು."

ಮಿರೆಲ್ಲ ತಲೆಯಾಡಿಸಿದಳು.

"ಬಾಯಿಬಿಟ್ಟು ಹೇಳು."

"ನಿಂತಿರ್ತೀನಿ, ಅತ್ತೆ."

"ಸರಿ. ಈಗ ಕಟ್ಟು. ಬಿಗಿಯಾಗಿ ಕಟ್ಟು, ಇಲ್ದಿದ್ರೆ ಜಾರುತ್ತೆ."

ಚೌಕದಲ್ಲಿ ಬಸ್ಸು ಹೊರಟುಹೋಗಿತ್ತು. ಎರ್ಸೀಲಿಯ ಕಟ್ಟೆಯ ಮೇಲೆ ಕೂತು ನೆರಿಗೆ ಸರಿಮಾಡಿಕೊಂಡಳು. ಕ್ಯಾಮೆರಾ ಹಿಡಿದ ಗಂಡಹೆಂಡತಿ ಓಡಿಬಂದರು.

"ಅಂತೂ ಬಂದ್ರಲ್ಲ ಅಜ್ಜಿ" ಎಂದಳು ಆ ಹೆಂಗಸು. "ಎಷ್ಟು ಹೊತ್ತಿಂದ ನಿಮಗೇ ಕಾಯ್ತಿದ್ವಿ. ಯಾರೋ ನೀಲಿ ಗೌನಿನ ಮುದುಕಿ ಬೇರೆ ಅಡ್ಡ ನಿಂತಿದ್ಲು."

"ಅವಳು ಹೋದ್ಲು" ಎಂದು ಎರ್ಸೀಲಿಯ ಕ್ಯಾಮೆರಾದ ಕಡೆ ಮುಖ ತಿರುಗಿಸಿದಳು.